ಪಡುವಣ ಗೋಡೆಯ ಗಾಜು

ನಮ್ಮ ಕಾಲೇಜಿನ ಹೊಸ ಗ್ರಂಥಾಲಯಕ್ಕೆ ಪಡುವಣ ದಿಕ್ಕಿನಲ್ಲಿ ನೆಲದಿಂದ ಸೂರಿನವರೆಗೂ ಗಾಜಿನ ಗೋಡೆಯೇ ಇರಲಿ ಎಂಬ ಠರಾವಿಗೆ ಸಹಿ ಹಾಕಿದ ಏಳು ಮಂದಿಯಲ್ಲಿ ನಾನೂ ಒಬ್ಬ. ಆ ಏಳರಲ್ಲಿ ಭೌತಶಾಸ್ತ್ರ ಕಲಿಸಿದವನು ನಾನೊಬ್ಬನೇ. ಮೂವತ್ತೊಂದು ವರ್ಷ ಬೆಳಕಿನ ಪಾಠ, ಶಾಖದ ಪಾಠ ಮಾಡಿ, ನಿವೃತ್ತನಾದ ಮೇಲೂ ಕಟ್ಟಡ ಸಮಿತಿಯಲ್ಲಿ ಒಂದು ಕುರ್ಚಿ ಉಳಿಸಿಕೊಂಡಿದ್ದ ನನಗೆ ಅಂದು ಬಾಯಿ ಬರಲಿಲ್ಲ. ಆರ್ಕಿಟೆಕ್ಟರು ತಂದಿದ್ದ ಬಣ್ಣದ ಚಿತ್ರ ಮೇಜಿನ ಮೇಲಿತ್ತು. ಚಿತ್ರದಲ್ಲಿ ನೀಲಿ ಗಾಜಿನ ಮೇಲೆ ಬಿಳಿ ಮೋಡಗಳು ತೇಲುತ್ತಿದ್ದವು. ಕೆಳಗೆ, ನಮ್ಮೂರಿನಲ್ಲಿ ನಾನು ಎಂದೂ ಕಂಡಿರದಂಥ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ನಗುತ್ತ ನಡೆಯುತ್ತಿದ್ದಳು. "ಪಡುವಣಕ್ಕೆ ಬಿಸಿಲು ಜಾಸ್ತಿಯಲ್ಲವೇ?" ಎಂದು ಒಂದು ಮಾತು ಕೇಳಿದೆ. "ಈಗಿನ ಗಾಜೇ ಬೇರೆ ಸಾರ್" ಎಂದರು. ಅಷ್ಟರಲ್ಲಿ ಚಹಾ ಬಂತು. ಸಹಿ ಹಾಕಿದೆ.

ಆದ್ದರಿಂದ ಇದು ಅರ್ಧ ಜಗಳ, ಅರ್ಧ ತಪ್ಪೊಪ್ಪಿಗೆ. ಓದುಗರು ಎರಡನ್ನೂ ಸಹಿಸಿಕೊಳ್ಳಬೇಕು.

ನಮ್ಮದು ಬಯಲುಸೀಮೆಯ ಊರು. ಅಕ್ಷಾಂಶ ಹೆಚ್ಚುಕಡಿಮೆ ಹದಿನೈದು ಡಿಗ್ರಿ. ಏಪ್ರಿಲ್ ಮುಗಿಯುವ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬಂದು ನಿಲ್ಲುತ್ತಾನೆ, ನಮ್ಮ ನೆರಳು ನಮ್ಮ ಕಾಲಡಿಯಲ್ಲೇ ಅಡಗುತ್ತದೆ. ಕಾಲೇಜಿನ ಹಳೆಯ ಕಟ್ಟಡ ಕಲ್ಲಿನದು. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ಕಟ್ಟೆಯ ಮೇಲೆ ಹುಡುಗರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಕಿಟಕಿ ಎತ್ತರ, ಅಗಲ ಕಡಿಮೆ, ಮೇಲೊಂದು ಗವಾಕ್ಷಿ. ಹಳೆಯ ಗ್ರಂಥಾಲಯ ಅದರಲ್ಲಿತ್ತು. ಕತ್ತಲೆ ಎಂದು ಎಲ್ಲರೂ ಬೈಯುತ್ತಿದ್ದೆವು. ನಾನೂ ಬೈದಿದ್ದೇನೆ.

ಹೊಸದು ಎದ್ದು ನಿಂತದ್ದು ಹೆದ್ದಾರಿಗೆ ಮುಖ ಮಾಡಿ. ಹೆದ್ದಾರಿ ಇರುವುದು ಪಡುವಣಕ್ಕೆ. ಓದುವ ಕೋಣೆಯ ಗಾಜು ಪಡುವಣಕ್ಕೇ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇರೆ ಇಲ್ಲ. ಬಸ್ಸಿನಲ್ಲಿ ಹೋಗುವವರಿಗೆ ಕಾಲೇಜು ಕಾಣಬೇಕು. ಒಳಗೆ ಕೂತು ಓದುವವರಿಗೆ ಪುಸ್ತಕ ಕಾಣಬೇಕೋ ಬೇಡವೋ ಎಂಬುದು ಸಮಿತಿಯ ಮುಂದೆ ಬರಲೇ ಇಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಸುತ್ತಲ ಹಳ್ಳಿಗಳವರು. ಪಾಠ ಎರಡೂವರೆಗೆ ಮುಗಿಯುತ್ತದೆ. ಅವರ ಊರಿನ ಬಸ್ಸು ಐದೂವರೆಗೆ. ನಡುವಿನ ಮೂರು ಗಂಟೆ ಅವರ ಪಾಲಿಗೆ ಓದಿನ ಕಾಲ, ಕೆಲವರಿಗಂತೂ ದಿನದಲ್ಲಿ ಸಿಗುವ ಒಂದೇ ಓದಿನ ಕಾಲ. ಮನೆಗೆ ಹೋದರೆ ದನ, ನೀರು, ಒಲೆ ಕಾದಿರುತ್ತವೆ. ಹೊಸ ಕೋಣೆ ಕುದಿಯಲು ಶುರುವಾಗುವುದು ಸರಿಯಾಗಿ ಆ ಮೂರು ಗಂಟೆಗಳಲ್ಲೇ. ಮೊದಲ ಬೇಸಿಗೆಯಲ್ಲಿ ಪ್ರಯೋಗಶಾಲೆಯಿಂದ ಒಂದು ಥರ್ಮಾಮೀಟರ್ ಎರವಲು ತಂದು ನಾನೇ ನೋಡಿದೆ. ನಾಲ್ಕೂವರೆಗೆ ಹೊರಗಿನ ಹೊಂಗೆ ಮರದ ನೆರಳಿನಲ್ಲಿ 38 ಡಿಗ್ರಿ. ಒಳಗೆ, ಬಿಸಿಲು ತಾಗದಂತೆ ಮೇಜಿನ ಕೆಳಗೆ ಹಿಡಿದಾಗ 43. ನಲವತ್ತೆಂಟು ಕುರ್ಚಿಗಳಲ್ಲಿ ಮೂರರಲ್ಲಿ ಜನರಿದ್ದರು. ಉಳಿದವರೆಲ್ಲ ಹೊಂಗೆ ಮರದ ಬುಡದಲ್ಲಿ.

ಇದರಲ್ಲಿ ಗಾಜಿನ ತಪ್ಪೇನೂ ಇಲ್ಲ. ಗಾಜು ತನ್ನ ಸ್ವಭಾವದಂತೆ ನಡೆದುಕೊಂಡಿತು. ಆ ಸ್ವಭಾವ ಏನೆಂದು ಪ್ರಪಂಚಕ್ಕೆ ತಿಳಿದು ಇನ್ನೂರೈವತ್ತು ವರ್ಷ ದಾಟಿದೆ. ಜಿನೀವಾದ ಸೊಸ್ಸೂರ್ ಎಂಬ ವಿಜ್ಞಾನಿ 1767ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲಿಗೆ ಒಡ್ಡಿದ. ಮುಂದೆ ಶಾಖ ಸೋರದಂತೆ ಮರದ ಪೆಟ್ಟಿಗೆ ಮಾಡಿ ಗಾಜು ಮುಚ್ಚಿದಾಗ ಒಳಗಿನ ಉಷ್ಣತೆ ನೀರು ಕುದಿಯುವ ಮಟ್ಟವನ್ನೂ ದಾಟಿತು. ತೊಂಬತ್ತರ ದಶಕದಲ್ಲಿ ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ, ಸರ್ಕಾರದ ಸಬ್ಸಿಡಿಯಲ್ಲಿ ತಂದ ಸೋಲಾರ್ ಕುಕ್ಕರ್ ಎಂಬ ಸೂಟ್‌ಕೇಸಿನಂಥ ವಸ್ತು ಬಿದ್ದಿರುತ್ತಿತ್ತಲ್ಲ, ಅದು ಸೊಸ್ಸೂರನ ಪೆಟ್ಟಿಗೆಯ ಮೊಮ್ಮಗ. ಗಾಜಿನ ಮುಚ್ಚಳ, ಒಳಗೆ ಕಪ್ಪು ಪಾತ್ರೆ, ಗಾಳಿಯಾಡದಂತೆ ರಬ್ಬರಿನ ಅಂಚು. ಅನ್ನ ಬೇಯುತ್ತಿತ್ತು, ತೊಗರಿಬೇಳೆಗೆ ಮಾತ್ರ ತಾಳ್ಮೆ ಬೇಕಾಗುತ್ತಿತ್ತು. ಅದನ್ನೇ ದೊಡ್ಡದಾಗಿ ಕಟ್ಟಿ, ಅನ್ನದ ಜಾಗದಲ್ಲಿ ಹುಡುಗರನ್ನಿಟ್ಟು, ಗ್ರಂಥಾಲಯ ಎಂದು ಫಲಕ ಹಾಕಿದೆವು.

ಪಾಠ ಮಾಡುವ ಚಟ ಹೋಗುವುದಿಲ್ಲ, ಸ್ವಲ್ಪ ಕೇಳಿ. ಕಿಟಕಿಯ ಗಾಜೆಂದರೆ ಮುಖ್ಯವಾಗಿ ಮರಳು, ಜೊತೆಗೆ ಸೋಡಾ, ಸುಣ್ಣ. ಕರಗಿಸಿ ತಣಿಸಿದಾಗ ಅದರ ಅಣುಗಳು ಹರಳಿನಲ್ಲಿರುವಂತೆ ಸಾಲುಗಟ್ಟಿ ನಿಲ್ಲದೆ, ಸಂತೆಯಲ್ಲಿ ನಿಂತ ಜನರಂತೆ ಹೇಗೆ ಇದ್ದವೋ ಹಾಗೇ ಗಟ್ಟಿಯಾಗಿಬಿಡುತ್ತವೆ. ಕಣ್ಣಿಗೆ ಕಾಣುವ ಬೆಳಕನ್ನು ಅದು ಹೀರುವುದು ತೀರ ಕಡಿಮೆ. ವಕ್ರೀಭವನಾಂಕ ಸುಮಾರು 1.52 ಆದ್ದರಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಒಂದೊಂದು ಮೈಯಿಂದ ಶೇಕಡಾ 4ರಷ್ಟು ಹಿಂದಕ್ಕೆ ಹೋಗುತ್ತದೆ, ಎರಡು ಮೈ ಸೇರಿ 8. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಒಳಕ್ಕೆ. ಸೂರ್ಯನಿಂದ ಬರುವ ಶಾಖದಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿರುತ್ತದೆ. ಅವುಗಳಲ್ಲೂ ಗಿಡ್ಡ ಅಲೆಯವು ಗಾಜಿನ ಮೂಲಕ ಸಲೀಸಾಗಿ ಬರುತ್ತವೆ. ಬಂದವು ನೆಲಕ್ಕೆ, ಮೇಜಿಗೆ, ಪುಸ್ತಕಕ್ಕೆ, ಹುಡುಗನ ಬೆನ್ನಿಗೆ ಬಿದ್ದು ಶಾಖವಾಗುತ್ತವೆ. ಬಿಸಿಯಾದ ಮೇಜು ತಾನೂ ಕಿರಣ ಸೂಸುತ್ತದೆ. ಆದರೆ ಅದು ಹತ್ತು ಮೈಕ್ರಾನಿನ ಆಸುಪಾಸಿನ ಉದ್ದ ಅಲೆ, ಗಾಜಿಗೆ ಅದು ಕಲ್ಲುಗೋಡೆಯಷ್ಟೇ ಅಪಾರದರ್ಶಕ. ನಾಲ್ಕೈದು ಮೈಕ್ರಾನ್ ದಾಟಿದ ಮೇಲೆ ಗಾಜು ಕುರುಡು. ಬರುವಾಗ ತೆರೆದ ಬಾಗಿಲು, ಹೋಗುವಾಗ ಮುಚ್ಚಿದ ಬಾಗಿಲು.

ಇಷ್ಟನ್ನು ಪಿಯುಸಿ ಪುಸ್ತಕವೂ ಹೇಳುತ್ತದೆ. ನಾನೂ ವರ್ಷಾನುವರ್ಷ ಇಷ್ಟೇ ಹೇಳಿ ಗಂಟೆ ಹೊಡೆಸಿಕೊಂಡು ಹೊರಬಂದಿದ್ದೇನೆ. ಆದರೆ ಇದು ಅರ್ಧ ಪಾಠ. ಅಮೆರಿಕದ ವುಡ್ ಎಂಬ ಭೌತವಿಜ್ಞಾನಿ 1909ರಲ್ಲಿ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಕಲ್ಲುಪ್ಪಿನ ಹಲಗೆ ಮುಚ್ಚಿದ. ಕಲ್ಲುಪ್ಪು ಉದ್ದ ಅಲೆಯ ಕಿರಣಗಳನ್ನೂ ಹೊರಗೆ ಬಿಡುತ್ತದೆ. ಹಾಗಾದರೆ ಅದು ತಣ್ಣಗಿರಬೇಕಲ್ಲ? ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಏರಿದವು. ಅಂದರೆ ಗಾಜಿನ ಮನೆ ಕಾಯುವುದಕ್ಕೆ ದೊಡ್ಡ ಕಾರಣ ಕಿರಣ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಗಾಳಿ ಸಿಕ್ಕಿಹಾಕಿಕೊಳ್ಳುವುದು. ಬಿಸಿಯಾದ ಗಾಳಿ ಮೇಲೆದ್ದು ಹೊರಟುಹೋಗಲು ದಾರಿಯಿಲ್ಲ. ಗಾಜು ನಿಧಾನವಾಗಿ ಹರಿಯುವ ದ್ರವ, ಯೂರೋಪಿನ ಹಳೆಯ ಚರ್ಚುಗಳ ಕಿಟಕಿಗಾಜು ಅದಕ್ಕೇ ಕೆಳಗೆ ದಪ್ಪ ಎಂದೂ ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಅದೂ ಸುಳ್ಳೆಂದು, ಹಾಗೆ ಹರಿಯಲು ವಿಶ್ವದ ವಯಸ್ಸೂ ಸಾಲದೆಂದು 1998ರಲ್ಲಿ ಬ್ರೆಜಿಲಿನ ಝನೋಟ್ಟೊ ಲೆಕ್ಕ ಹಾಕಿ ತೋರಿಸಿದರು. ಹಳೆಯ ಕಾಲದ ಗಾಜು ತಯಾರಾಗುವಾಗಲೇ ಏರುಪೇರಾಗಿರುತ್ತಿತ್ತು, ಅಷ್ಟೆ. ಆ ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲ. ವುಡ್‌ನ ಪಾಠ ಬಿಟ್ಟದ್ದರಿಂದ ಆಯಿತು. ಏಕೆಂದರೆ ನಮ್ಮ ಪಡುವಣ ಗೋಡೆಯಲ್ಲಿ ತೆರೆಯುವ ಕಿಟಕಿ ಒಂದೂ ಇಲ್ಲ. ನಕ್ಷೆಯಲ್ಲಿ ನಾಲ್ಕಿದ್ದವು, ಅಂದ ಕೆಡುತ್ತದೆಂದು ಕೈಬಿಟ್ಟರು.

ಪಡುವಣವೇ ಯಾಕೆ ಇಷ್ಟು ಕೆಟ್ಟದ್ದು ಎಂದು ಕೇಳುವವರಿದ್ದಾರೆ. ಬಿಸಿಲು ಎಲ್ಲ ಕಡೆಯೂ ಬಿಸಿಲೇ ಅಲ್ಲವೇ? ಅಲ್ಲ. ನಟ್ಟನಡು ಮಧ್ಯಾಹ್ನ ಸೂರ್ಯ ತಲೆಯ ಮೇಲಿರುವಾಗ ನೆಟ್ಟಗೆ ನಿಂತ ಗಾಜಿಗೆ ಕಿರಣ ತೀರ ಓರೆಯಾಗಿ ಸವರಿಕೊಂಡು ಹೋಗುತ್ತದೆ. ಎಂಬತ್ತು ಡಿಗ್ರಿಯಷ್ಟು ಓರೆಯಾದರೆ ಅರ್ಧದಷ್ಟನ್ನು ಗಾಜೇ ಹಿಂದಕ್ಕೆ ತಳ್ಳುತ್ತದೆ. ಉಳಿದದ್ದಕ್ಕೆ ಎರಡಡಿಯ ಸಜ್ಜೆ ಸಾಕು. ತೆಂಕಣ ಗೋಡೆಯನ್ನು ಹೀಗೆ ಕಾಪಾಡಬಹುದು, ಬಡಗಣಕ್ಕಂತೂ ಬಹುಮಟ್ಟಿಗೆ ಕಾವಲೇ ಬೇಡ. ಸಂಜೆ ನಾಲ್ಕರ ಮೇಲೆ ಸೂರ್ಯ ಕೆಳಗಿಳಿದು ಪಡುವಣ ಗೋಡೆಯ ಎದುರಿಗೇ ನಿಂತಾಗ ಯಾವ ಸಜ್ಜೆಯೂ ಕೆಲಸಕ್ಕೆ ಬಾರದು. ಕಿರಣ ನೇರ, ಗಾಜು ಹಿಂದಿರುಗಿಸುವುದು ಅತಿ ಕಡಿಮೆ. ಬೇಸಿಗೆಯ ಸಂಜೆ ಅಂಥ ಗೋಡೆಯ ಒಂದು ಚದರ ಮೀಟರಿಗೆ ಐನೂರು ವಾಟ್ ಬಿಸಿಲು ಬೀಳುವುದು ದೊಡ್ಡ ಮಾತಲ್ಲ. ಸಾದಾ ಗಾಜು ಅದರಲ್ಲಿ ಐದರಲ್ಲಿ ನಾಲ್ಕು ಪಾಲನ್ನು ಒಳಕ್ಕೆ ತರುತ್ತದೆ. ಹನ್ನೆರಡು ಚದರ ಮೀಟರ್ ಗಾಜೆಂದರೆ ಸುಮಾರು ಐದು ಸಾವಿರ ವಾಟ್. ಒಂದೂವರೆ ಟನ್ನಿನ ಏ.ಸಿ. ಯಂತ್ರವೊಂದು ಹೊರಹಾಕಬಲ್ಲ ಶಾಖ ಅಷ್ಟೇ. ಅಂದರೆ ಗೋಡೆಯ ಆ ಒಂದು ತುಂಡಿಗೇ ಒಂದು ಯಂತ್ರ ದುಡಿಯಬೇಕು, ಒಳಗಿನವರಿಗೆ ಬೇಕಾದರೆ ಇನ್ನೊಂದು. ನಮ್ಮ ಓದುಕೋಣೆಯ ಗಾಜು ಅದರ ಐದು ಪಟ್ಟು. ಏ.ಸಿ.ಗೆ ಹಣ ಮುಂದಿನ ಹಂತದಲ್ಲಿ ಬರುತ್ತದೆಂದು ಠರಾವಿನಲ್ಲಿ ಬರೆದಿದೆ.

"ಈಗಿನ ಗಾಜೇ ಬೇರೆ" ಎಂಬ ಮಾತಿಗೆ ಬರುತ್ತೇನೆ. ಬೇರೆ ಹೌದು. ಎರಡು ಪದರದ ಗಾಜು ಇದೆ. ಮಧ್ಯೆ ಒಣಗಾಳಿ, ಒಂದು ಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯ ಲೇಪ. ಒಳ್ಳೆಯ ಜಾತಿಯದಾದರೆ ಬಿಸಿಲಿನ ಶಾಖದಲ್ಲಿ ಕಾಲುಭಾಗದ ಮೇಲೆ ಸ್ವಲ್ಪ ಮಾತ್ರ ಒಳಗೆ ಬಿಡುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಿತ್ರ ತೋರಿಸುವಾಗ ಆ ಗಾಜು, ಟೆಂಡರು ಕರೆಯುವಾಗ ಬೇರೆ ಗಾಜು. ನಮಗೆ ಬಂದದ್ದು ಒಂದೇ ಪದರದ ನೀಲಿ ಗಾಜು. ಬಣ್ಣದ ಗಾಜಿನ ಗುಟ್ಟೇನು ಗೊತ್ತೇ? ಅದು ಬಿಸಿಲನ್ನು ತಡೆಯುವುದು ತಾನೇ ಕುಡಿದು. ಕುಡಿದದ್ದರಿಂದ ಮೈ ಬಿಸಿಯೇರಿಸಿಕೊಂಡು ಅರ್ಧ ಹೊರಗೆ, ಅರ್ಧ ಒಳಗೆ ಕಕ್ಕುತ್ತದೆ. ಸಂಜೆ ನಮ್ಮ ಗೋಡೆಗೆ ಒಳಗಿನಿಂದ ಕೈಯಿಟ್ಟು ನೋಡಿ, ರೊಟ್ಟಿಯ ಹಂಚು ನೆನಪಾಗುತ್ತದೆ. ಶಾಖ ಬಂತು, ಬೆಳಕು ಹೋಯಿತು. ಬೆಳಿಗ್ಗೆ ಹತ್ತು ಗಂಟೆಗೆ ಟ್ಯೂಬ್‌ಲೈಟ್ ಹಾಕುತ್ತಾರೆ.

ಇನ್ನು ಕನ್ನಡಿಯಂತೆ ಹೊಳೆಯುವ ಗಾಜು. ಅದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ನಿಜ. ಹಿಂದಕ್ಕೆ ಎಂದರೆ ಎಲ್ಲಿಗೆ? ಎದುರು ಮನೆಗೆ. 2013ರಲ್ಲಿ ಲಂಡನ್ನಿನ ಫೆಂಚರ್ಚ್ ಬೀದಿಯಲ್ಲಿ ಏಳುತ್ತಿದ್ದ ಒಂದು ಎತ್ತರದ ಕಟ್ಟಡದ ಒಳಬಾಗಿದ ಗಾಜಿನ ಮುಖ ಬಿಸಿಲನ್ನೆಲ್ಲ ಒಂದೆಡೆ ಕೂಡಿಸಿ, ಬೀದಿಯಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಭಾಗಗಳನ್ನು ಕರಗಿಸಿತು. ಪತ್ರಕರ್ತರೊಬ್ಬರು ಅಲ್ಲಿ ಬಾಣಲೆಯಿಟ್ಟು ಮೊಟ್ಟೆ ಹುರಿದರು. ಆಮೇಲೆ ಆ ಮುಖಕ್ಕೆ ಹೊರಗಿನಿಂದ ನೆರಳಿನ ಪಟ್ಟಿಗಳನ್ನು ಕಟ್ಟಿದರು. ಬಿಸಿಲಿಗಾಗಿ ಹಂಬಲಿಸುವ ಲಂಡನ್ನಿನ ಕಥೆ ಇದು.

ಗಾಜಿನ ಕಟ್ಟಡ ಹುಟ್ಟಿದ್ದೇ ಅಂಥ ಚಳಿಯ, ಮಂಕು ಬೆಳಕಿನ ದೇಶಗಳಲ್ಲಿ, ಅದೂ ಮನುಷ್ಯರಿಗಾಗಿ ಅಲ್ಲ, ಗಿಡಗಳಿಗಾಗಿ. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆ ಕಟ್ಟಿದ ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ದೊಡ್ಡ ಮನುಷ್ಯರ ಎಸ್ಟೇಟಿನಲ್ಲಿ ಉಷ್ಣದೇಶದ ತಾವರೆಗೆ ಗಾಜಿನ ಮನೆ ಕಟ್ಟಿ ಕೈ ಪಳಗಿಸಿಕೊಂಡವನು. ಆ ಅರಮನೆಯ ಗಾಜಿನ ಮಾಡಿನ ಮೇಲೂ ಬಿಸಿಲಿಗೆ ಅಡ್ಡವಾಗಿ ಹೊರಗಿನಿಂದ ಬಟ್ಟೆ ಹೊದಿಸಿದ್ದ! ಅದರ ಮಾದರಿಯಲ್ಲೇ 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಗಾಜಿನ ಮನೆ ಬಂತು. ಅದು ಫಲಪುಷ್ಪ ಪ್ರದರ್ಶನಕ್ಕೆ. ಗುಲಾಬಿ ಹೂ ಕುಂಡದಲ್ಲಿ ನಿಂತು ಪರೀಕ್ಷೆಗೆ ಓದುವುದಿಲ್ಲ.

ಮನುಷ್ಯರನ್ನು ಗಾಜಿನಲ್ಲಿ ಮುಚ್ಚಿಟ್ಟರೆ ಏನಾಗುತ್ತದೆಂದು ತಿಳಿಯಲು ನಮ್ಮೂರಿನವರೆಗೆ ಬರಬೇಕಾಗಿಯೂ ಇಲ್ಲ. 1933ರಲ್ಲಿ ಲ ಕಾರ್ಬೂಸಿಯೆ ಪ್ಯಾರಿಸ್ಸಿನಲ್ಲಿ ನಿರ್ಗತಿಕರಿಗೆ ಒಂದು ಆಶ್ರಯಧಾಮ ಕಟ್ಟಿದ. ತೆಂಕಣಕ್ಕೆ ಮುಖ ಮಾಡಿದ, ತೆರೆಯಲು ಬಾರದ ಗಾಜಿನ ಗೋಡೆ. ತಣ್ಣನೆ ಗಾಳಿ ಊದುವ ಯಂತ್ರ ಯೋಜನೆಯಲ್ಲಿತ್ತು, ಹಣ ಸಾಲದೆ ಬಿಟ್ಟುಹೋಯಿತು. ಕೇಳಿದ ಕಥೆಯಂತಿದೆ ಅಲ್ಲವೇ? ಬೇಸಿಗೆ ಬಂದಾಗ ಒಳಗಿದ್ದವರು ಬೆಂದುಹೋದರು. ಕೊನೆಗೆ ಗೋಡೆಯಲ್ಲಿ ತೆರೆಯುವ ಕಿಟಕಿಗಳನ್ನು ಕೂಡಿಸಬೇಕಾಯಿತು, ಮಹಾಯುದ್ಧದ ನಂತರ ದುರಸ್ತಿ ಮಾಡುವಾಗ ಗಾಜಿನ ಮುಂದೆ ನೆರಳು ಕೊಡುವ ಸಿಮೆಂಟಿನ ಚೌಕಟ್ಟುಗಳು ಬಂದವು. ಅದೇ ಮನುಷ್ಯ 1951ರಲ್ಲಿ ಚಂಡೀಗಢಕ್ಕೆ ಬಂದಾಗ ಅಂಥ ಬಿಸಿಲುತಡೆಗಳನ್ನೇ ಕಟ್ಟಡಗಳ ಮುಖವಾಗಿ ಮಾಡಿದ. ಅವನ ಹಟ, ಅಹಂಕಾರ ಕುರಿತು ಬೇಕಾದಷ್ಟು ಹೇಳುತ್ತಾರೆ; ಹೇಳಲಿ. ಮಾಡಿದ ತಪ್ಪಿನಿಂದ ಕಲಿತನಲ್ಲ. ನಮ್ಮ ಆರ್ಕಿಟೆಕ್ಟರು ಚಂಡೀಗಢವನ್ನು ಪರೀಕ್ಷೆಗೆ ಓದಿರುತ್ತಾರೆ, ಪ್ಯಾರಿಸ್ಸಿನ ತಪ್ಪನ್ನು ಊರೂರಿಗೆ ಹಂಚುತ್ತಾರೆ.

ಎಲ್ಲರೂ ಕಣ್ಣಿಂದ ಕಂಡು, ಯಾರೂ ಬಾಯಿಂದ ಆಡದ ಇನ್ನೊಂದು ಸಂಗತಿಯಿದೆ. ಬೆಂಗಳೂರಿಗೆ ಹೋದಾಗ ವರ್ತುಲ ರಸ್ತೆಯ ಬಸ್ಸಿನಲ್ಲಿ ಕೂತು ಗಾಜಿನ ಮಹಲುಗಳನ್ನು ನೋಡಿ. ಗಾಜಿನ ಹಿಂದೆ ಪರದೆ ಎಳೆದಿರುತ್ತದೆ, ಪರದೆಯ ಹಿಂದೆ ಹಾಡುಹಗಲೇ ದೀಪ ಉರಿಯುತ್ತಿರುತ್ತದೆ. ಹೊರಗಿನ ನೋಟಕ್ಕೆಂದು ಗಾಜು, ಗಾಜಿನಿಂದ ಪಾರಾಗಲು ಪರದೆ, ಪರದೆಯಿಂದ ಪಾರಾಗಲು ದೀಪ. ಆ ಪರದೆಯೂ ಹೆಚ್ಚು ಪ್ರಯೋಜನಕ್ಕೆ ಬಾರದು, ಬಿಸಿಲು ಅದನ್ನು ಮುಟ್ಟುವ ಹೊತ್ತಿಗಾಗಲೇ ಗಾಜು ದಾಟಿ ಒಳಗೆ ಬಂದಾಗಿರುತ್ತದೆ. ತಡೆಯುವುದಿದ್ದರೆ ಹೊರಗೇ ತಡೆಯಬೇಕು. ನಮ್ಮ ಹಿರಿಯರು ಜಗಲಿಗೆ ಬಿದಿರು ತಟ್ಟಿ ಇಳಿಬಿಡುತ್ತಿದ್ದದ್ದು ಹೊರಗಡೆಗೆ. ಅವರಲ್ಲಿ ಯಾರೂ ಅವಕೆಂಪು ಕಿರಣದ ಹೆಸರು ಕೇಳಿದವರಲ್ಲ.

ನನ್ನನ್ನು ಗಾಜಿನ ವೈರಿ ಎಂದುಕೊಳ್ಳಬೇಡಿ. ನಾನು ಹುಟ್ಟಿದ್ದು ಮಲೆನಾಡಿನ ಹೆಂಚಿನ ಮನೆಯಲ್ಲಿ. ಅಡುಗೆಮನೆಯ ಮಾಡಿನಲ್ಲಿ ನೂರಾರು ಮಂಗಳೂರು ಹೆಂಚುಗಳ ನಡುವೆ ಒಂದೇ ಒಂದು ಗಾಜಿನ ಹೆಂಚು. ಅಷ್ಟು ಸಾಕಾಗಿತ್ತು. ಹೊಗೆಯೊಳಗೆ ಬೆಳಕಿನ ಕಂಬವೊಂದು ಓರೆಯಾಗಿ ಇಳಿದು, ಬೆಳಿಗ್ಗೆ ಗೋಡೆಯ ಗೂಡಿನ ಮೇಲೆ, ಮಧ್ಯಾಹ್ನ ಒಲೆಯ ಹತ್ತಿರ, ಇಳಿಹೊತ್ತಿನಲ್ಲಿ ನೀರಿನ ಹಂಡೆಯ ಮೇಲೆ ಬರುತ್ತಿತ್ತು. ಅಮ್ಮ ಅದನ್ನು ನೋಡಿಯೇ ಅನ್ನಕ್ಕೆ ಇಡುತ್ತಿದ್ದಳು. ಬೆಳಕು ನೇರವಾಗಿ ಚಲಿಸುತ್ತದೆಂದು ನಾನು ಕಲಿತದ್ದು ಶಾಲೆಯಲ್ಲಲ್ಲ, ಆ ಕಂಬದಲ್ಲಿ ಕುಣಿಯುತ್ತಿದ್ದ ದೂಳಿನ ಕಣಗಳಲ್ಲಿ. ಅಂಗೈ ಅಗಲದ ಗಾಜಿಗೆ ಅಷ್ಟು ಶಕ್ತಿಯಿದೆ. ಗಾಜು ದುಬಾರಿಯಾಗಿದ್ದಾಗ ಅದನ್ನು ಎಲ್ಲಿ ಇಡಬೇಕೆಂದು ಜನ ಯೋಚಿಸುತ್ತಿದ್ದರು. 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿಯವರು ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿದ್ಯೆಯನ್ನು ಪ್ರಕಟಿಸಿದ ಮೇಲೆ ಉಜ್ಜುವ, ಹೊಳಪು ಕೊಡುವ ಕೆಲಸವೇ ತಪ್ಪಿ, ಗಾಜು ಬಟ್ಟೆಯಂತೆ ಅಗಲಗಲವಾಗಿ ಸಿಗತೊಡಗಿತು. ಯೋಚನೆಯೂ ಅಲ್ಲಿಗೆ ನಿಂತಿತು.

ಕಾನೂನು ಇಲ್ಲವೇ ಎಂದರೆ ಇದೆ. 2017ರ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಪ್ರತ್ಯೇಕ ಲೆಕ್ಕ ಕೊಡದೆ ಅನುಮತಿ ಪಡೆಯುವ ವಾಣಿಜ್ಯ ಕಟ್ಟಡಗಳಲ್ಲಿ ಗಾಜು ಗೋಡೆಯ ಶೇಕಡಾ 40 ಮೀರಬಾರದೆಂದಿತು. ಆದರೆ ಅದು ನೂರು ಕಿಲೋವಾಟ್ ವಿದ್ಯುತ್ ಸಂಪರ್ಕದ ದೊಡ್ಡವರಿಗೆ. ತಾಲ್ಲೂಕು ಊರಿನ ಬ್ಯಾಂಕು, ನರ್ಸಿಂಗ್ ಹೋಮು, ಕಲ್ಯಾಣಮಂಟಪ, ಕಾಲೇಜು ಇವೆಲ್ಲ ಆ ಬಲೆಯ ಕಣ್ಣಿನಿಂದ ನುಸುಳಿಹೋಗುವ ಸಣ್ಣ ಮೀನುಗಳು. ಗಾಜು ಹಚ್ಚುವ ಹುಚ್ಚು ಈಗ ಜೋರಾಗಿರುವುದು ಈ ಸಣ್ಣ ಊರುಗಳಲ್ಲೇ.

ಎರಡನೆಯ ಬೇಸಿಗೆಯಲ್ಲಿ ಇನ್ನೊಂದು ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಗಾಜಿನ ಒಂದು ಹಲಗೆ ಪೂರ್ತಿ ಪುಡಿಪುಡಿಯಾಗಿ, ಕಲ್ಲುಸಕ್ಕರೆ ಚೆಲ್ಲಿದಂತೆ ನೆಲದ ಮೇಲೆ ಬಿದ್ದಿತ್ತು. ಕಲ್ಲೆಸೆದವರು ಯಾರೆಂದು ವಿಚಾರಣೆ ಶುರುವಾಯಿತು. ಹಿಂದಿನ ದಿನ ಗ್ರಂಥಪಾಲಕರೊಂದಿಗೆ ಜಗಳವಾಡಿದ್ದ ಹುಡುಗನೊಬ್ಬನನ್ನು ಕರೆಸಿ ನಿಲ್ಲಿಸಿದರು. ನಾನು ಹೋಗಿ ಹೇಳಿದೆ: ಇದು ಟಫನ್ಡ್ ಗಾಜು; ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ, ಮೈಯನ್ನು ಗಾಳಿಯಿಂದ ಒಮ್ಮೆಗೇ ತಣಿಸಿರುತ್ತಾರೆ. ಹೊರಮೈ ಸದಾ ಒತ್ತಡದಲ್ಲಿ, ಒಳಭಾಗ ಸದಾ ಎಳೆತದಲ್ಲಿ. ತಯಾರಿಕೆಯಲ್ಲಿ ನಿಕ್ಕಲ್ ಸಲ್ಫೈಡಿನ ಒಂದು ಕಣ್ಣಿಗೆ ಕಾಣದ ಕಾಳು ಸಿಕ್ಕಿಕೊಂಡಿದ್ದರೆ, ಅದು ಮೆಲ್ಲಮೆಲ್ಲನೆ ಹಿಗ್ಗಿ ವರ್ಷಗಳ ನಂತರ ಒಂದು ರಾತ್ರಿ ಗಾಜನ್ನು ತಾನೇ ಸಿಡಿಸಬಲ್ಲದು. ಇಲ್ಲಿ ಆದದ್ದು ಅದೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಒಳಗೆಲ್ಲೂ ಕಲ್ಲು ಸಿಕ್ಕಿರಲಿಲ್ಲ. ಹುಡುಗನನ್ನು ಬಿಟ್ಟರು, ಬಿಡುವ ಮೊದಲು ಅಪ್ಪನನ್ನು ಹೊಲದಿಂದ ಕರೆಸಿದ್ದರು. ಆ ಮನುಷ್ಯ ಬಿಸಿಲಲ್ಲಿ ಒಂದು ಗಂಟೆ ಹೊರಗೆ ನಿಂತಿದ್ದ. ಸಹಿ ಹಾಕಿದ ದಿನಕ್ಕಿಂತ ಹೆಚ್ಚು ನಾಚಿಕೆ ನನಗೆ ಆ ದಿನ ಆಯಿತು.

ಆಮೇಲೆ ಒಂದು ಅರ್ಜಿ ಬರೆದುಕೊಟ್ಟೆ. ಗಾಜು ಕಿತ್ತುಹಾಕಿ ಎಂದು ಕೇಳಲಿಲ್ಲ. ಕೆಳಗೆ ನಾಲ್ಕು, ಮೇಲೆ ನಾಲ್ಕು ಹಲಗೆಗಳನ್ನು ತೆರೆಯುವಂತೆ ಮಾಡಿ, ಹೊರಗೆ ಮೂರಡಿ ದೂರದಲ್ಲಿ ನಿಲುವು ಪಟ್ಟಿಗಳನ್ನೋ ಬಿದಿರು ತಟ್ಟಿಯನ್ನೋ ಕಟ್ಟಿ, ಮುಂದೆ ಐದಾರು ಹೊಂಗೆ ಸಸಿ ನೆಡಿ ಎಂದಷ್ಟೇ. ಎಲ್ಲ ಸೇರಿ ಒಂದು ಏ.ಸಿ. ಯಂತ್ರದ ಬೆಲೆಯೊಳಗೆ ಮುಗಿಯುವ ಕೆಲಸವೆಂದು ಊರಿನ ಬಡಗಿಯಿಂದ ಲೆಕ್ಕ ಹಾಕಿಸಿಯೂ ಕೊಟ್ಟೆ. ಎರಡು ತಿಂಗಳ ಮೇಲೆ ಉತ್ತರ ಬಂತು. ಸಲಹೆಯನ್ನು ಪರಿಶೀಲಿಸಲಾಗಿದೆ, ಎಲಿವೇಶನ್ ಹಾಳಾಗುವ ಕಾರಣ ಸಮ್ಮತಿಸಲು ಸಾಧ್ಯವಾಗಿಲ್ಲ. ಆ ಪತ್ರಕ್ಕೂ ಸಮಿತಿಯ ಸಹಿಗಳಿದ್ದವು, ಈ ಸಲ ಆರು.

ಈ ಮಾರ್ಚಿನಲ್ಲಿ ಹೋಗಿದ್ದೆ. ಗ್ರಂಥಾಲಯದ ಜವಾನ ಯಾರನ್ನೂ ಕೇಳದೆ, ತನ್ನ ಮನೆಯಿಂದ ಹಳೆಯ ಗೋಣಿತಾಟುಗಳನ್ನು ತಂದು ಹೊಲಿದು, ಗಾಜಿನ ಕೆಳಭಾಗಕ್ಕೆ ಹೊರಗಿನಿಂದ ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸುತ್ತಿದ್ದಾನೆ. ತಾಟು ಇರುವ ಕಡೆಯ ಎರಡು ಮೇಜುಗಳಲ್ಲಿ ಹುಡುಗಿಯರು ಕೂತಿದ್ದರು. ಹೊರಗಿನಿಂದ ಪರಿಶೀಲನಾ ತಂಡವೊಂದು ಬರುತ್ತದೆಂದು ಒಮ್ಮೆ ಅದನ್ನು ಬಿಚ್ಚಿಸಿದರಂತೆ. ತಂಡ ಮೂರು ದಿನ ಇತ್ತು. ಅವರ ಕಾರು ಗೇಟು ದಾಟಿದ ಸಂಜೆಯೇ ಅವನು ಮತ್ತೆ ಕಟ್ಟಿದ.